ಪಡಿತರದ ಯಂತ್ರದ ಮೇಲೊಂದು ಹುಯ್ಲು

ಬಾಗಿ: ಕೈ ತೊಳಿ ಅಂದ್ರಿ, ತೊಳ್ದೆ. ಒರ್ಸ್ ಅಂದ್ರಿ, ಒರ್ಸ್ದೆ. ಇನ್ನ್ ಎಂತ ಮಾಡ್ಕ್ ಐತಾಳ್ರೆ? ಬೆರಳ್ ಕಡ್ದ್ ಮೆಷಿನ್ ಒಳ್ಗೇ ಹಾಕ್ಕಾ?

ಐತಾಳರು: ಕೋಪ ಮಾಡ್ಕಂಬುದ್ ಬ್ಯಾಡ ಬಾಗಕ್ಕ. ಕೋಪ ಬಂದ್ರೆ ಬೆರಳ್ ನಡುಗತ್ತ್. ನಡುಗಿರೆ ಮೆಷಿನಿಗೆ ಗುರ್ತ್ ಸಿಕ್ಕುದಿಲ್ಲೆ.

ಬಾಗಿ: ಮೆಷಿನಿಗೆ ಸಿಕ್ಕುದಿಲ್ಲೆ, ಸೈ. ನಿಮ್ಗೆ ನನ್ ಗುರ್ತ್ ಇತ್ತಾ ಇಲ್ಯಾ?

ಐತಾಳರು: ನಿನ್ ಗುರ್ತ್ ನಂಗಿಲ್ದೆ ಎಂತ! ನಾ ಶಾಲಿಗೆ ಹೋಪತಿಗೆ ದಿನಾ ನೀ ಮೀನ್ ಬುಟ್ಟಿ ಹೊತ್ಕಂಡ್ ಎದ್ರಿಗೆ ಬಪ್ಪುದ್. ಪರೀಕ್ಷಿ ದಿನ ಮೀನ್ ಎದ್ರ್ ಬಂದ್ರೆ ಶಕುನ ಒಳ್ಳೇದಂಬ್ರ್.

ಬಾಗಿ: ಪಾಸಾದ್ರ್ಯಾ?

ಐತಾಳರು: ಗಣಿತ ಒಂದ್ ಬಿಟ್ಟ್.

ಬಾಗಿ: ಆ ದಿನ ಬಲಿಗೆ ಮೀನೇ ಬೀಳ್ಲಿಲ್ಲೆ ಆಯ್ಕ್. ಈಗ ಅಕ್ಕಿ ಕೊಡಿ.

ಕೋಟದಿಂದ ಪಡುವಣಕ್ಕೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಒಂದು ಊರಿನ ಪಡಿತರದ ಸೊಸೈಟಿ. ಇಸವಿ ಎರಡು ಸಾವಿರದ ಹದಿನೇಳು; ತಿಂಗಳ ಕೊನೆಯ ದಿನ. ಮೇಜಿನ ಮೇಲೆ ಪುಟ್ಟ ಕಪ್ಪು ಯಂತ್ರ. ಅದರ ಗಾಜಿನ ಮೇಲೆ ಹೆಬ್ಬೆರಳು ಒತ್ತಬೇಕು; ಗುರುತು ಹೊಂದಿದರೆ ಅಕ್ಕಿ. ಯಂತ್ರದ ಹಿಂದೆ ಸೇಲ್ಸ್‌ಮನ್ ಉದಯಶಂಕರ ಐತಾಳರು. ಮುಂದೆ, ಮೀನಿನ ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡ ಬಾಗಿ. ಬೇಸಿಗೆಯಲ್ಲಿ ಬ್ರಹ್ಮಾವರದ ತನಕ ಬಸ್ಸಿನಲ್ಲಿ ಹೋಗಿ ಮೀನು ಮಾರುತ್ತಾಳೆ. ಮಳೆಗಾಲದಲ್ಲಿ ಮಂಜುಗಡ್ಡೆಯ ರಾಶಿಯ ಪಕ್ಕ ಕುಳಿತು ಚಟ್ಲಿಯ, ಅಂದರೆ ಸಿಗಡಿಯ, ಸಿಪ್ಪೆ ಸುಲಿಯುತ್ತಾಳೆ. ಉಪ್ಪು, ಮಂಜು ಮತ್ತು ಚಟ್ಲಿಯ ಮುಳ್ಳು ಸೇರಿ ಅವಳ ಹೆಬ್ಬೆರಳಿನ ಗೆರೆಗಳನ್ನು ತೇಯ್ದು ಹಾಕಿವೆ. ಈಗ ಅದು ಗೋಲಿಯಷ್ಟು ನುಣುಪು. ಅವಳ ಹಿಂದೆ ಸಾಲು, ಸಾಲಿನ ತಲೆಯಲ್ಲಿ ಮುದುಕ ಚಂದಯ್ಯ. ಅರುವತ್ತು ವರ್ಷ ಬಲೆಯ ಹಗ್ಗ ಎಳೆದವನು. ತನ್ನ ಬೆರಳಿನ ಭವಿಷ್ಯವನ್ನು ಬಾಗಿಯ ಬೆರಳಿನಲ್ಲಿ ನೋಡುತ್ತ ನಿಂತಿದ್ದಾನೆ.

ಬಾಗಿ ಮತ್ತೆ ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ: ಬೆರಳು ಹೊಂದಿಕೆಯಾಗಿಲ್ಲ.

ಐತಾಳರು: ಇದ್ ಕಷ್ಟ ಬಾಗಕ್ಕ. ಇವತ್ತೂ ಆಯಿಲ್ಲೆ ಅಂದ್ರೆ ಸತತ ಮೂರ್ ತಿಂಗ್ಳಾತ್ತ್. ಮೂರ್ ತಿಂಗ್ಳ್ ಅಕ್ಕಿ ತಕಂಡ್ ಹೋಯಿಲ್ಲೆ ಅಂದ್ರೆ ಕಾರ್ಡೇ ರದ್ದ್.

ಬಾಗಿ: ತಕಂಡ್ ಹೋಯಿಲ್ಲೆ ಅಲ್ಲ, ನೀವ್ ಕೊಡ್ಲಿಲ್ಲೆ. ಎರಡೂ ಒಂದೇಯಾ?

ಐತಾಳರು: ಮೆಷಿನಿಗೆ ಒಂದೇ. ಕಾಣ್, ಹೋದ್ ತಿಂಗ್ಳದ್ದ್ ಹೀಂಗ್ ಬರ್ಕಂಡಿತ್ತ್. "ಫಲಾನುಭವಿ ಬಂದಿಲ್ಲ."

ಬಾಗಿ: ಯಾರ್ ಬರ್ಲಿಲ್ಲೆ?

ಐತಾಳರು: ನೀನೇ.

ಬಾಗಿ: ನಾನಾ! ಹೋದ್ ತಿಂಗ್ಳ್ ಇದೇ ಜಾಗದಗೆ ನಿಂತ್ಕಂಡ್ ನಿಮ್ಮತ್ರ ಜಗ್ಳ ಮಾಡದ್ದ್ ಯಾರ್ ಹಾಂಗಾರೆ? ನನ್ ಅತ್ತಿಯಾ?

ಐತಾಳರು: ಜಗ್ಳ ನಂಗ್ ನೆನ್ಪಿತ್ತ್. ಮೆಷಿನಿಗೆ ಜಗ್ಳ ಕೇಂತಿಲ್ಲೆ.

ಚಂದಯ್ಯ: ನಾ ಸಾಕ್ಷಿ. ಜಗ್ಳ ಲಾಯ್ಕ್ ಇದ್ದಿತ್. ಇವತ್ತಿಂದಕ್ಕಿಂತ ಹೋದ್ ತಿಂಗ್ಳದ್ದೇ ಜೋರ್.

ಬಾಗಿ: ಅಲ್ಲ ಐತಾಳ್ರೆ, ಹೀಂಗ್ ಮಾಡದ್ದ್ ಯಾರ್? ಇದಕ್ಕೆ ಒಬ್ಬ ಯಜಮಾನ ಅಂತ ಇಪ್ಪುಕ್ ಬೇಕಲೆ?

ಐತಾಳರು: ನಾ ಕೇಳ್ದೆ ಮಾರಾಯ್ತಿ. ಆಫೀಸಿಗ್ ಫೋನ್ ಮಾಡ್ರೆ, ಮೆಷಿನ್ ಕಂಪೆನಿದ್, ಕಂಪೆನಿಯವ್ರ್ನ ಕೇಣಿ ಅಂತ್ರ್. ಕಂಪೆನಿಯವ್ರ್, ನಮ್ ಮೆಷಿನ್ ಸರಿ ಇತ್ತ್, ನೆಟ್‌ವರ್ಕಿನವ್ರ್ನ ಕೇಣಿ ಅಂತ್ರ್. ನೆಟ್‌ವರ್ಕಿನವ್ರ್, ಮೇಲಿನ ಕಂಪ್ಯೂಟರಿನವ್ರ್ನ ಕೇಣಿ ಅಂತ್ರ್.

ಬಾಗಿ: ಕಂಪ್ಯೂಟರಿನವ್ರ್?

ಐತಾಳರು: ಬೆರಳ್ ಸರಿ ಇಲ್ಲೆ ಅಂತ್ರ್.

ಬಾಗಿ: ಅಷ್ಟೂರ್ ಸುತ್ತಿ ಕಡೆಗೆ ನನ್ ಹೆಬ್ಬೆರಳಿಗೇ ಬಂದ್ ನಿಂತ್ತಾ! ಸೈ. ಹಾಂಗಾರೆ ನಾ ಹಾಯ್ಗುಳಿ ಹತ್ರ ಹೋತೆ. ಒಂದ್ ಕಾಯಿ ಇಟ್ಟ್ ಹುಯ್ಲ್ ಹೇಳ್ತೆ.

ಸಾಲಿನವರು ಕತ್ತು ಚಾಚಿದರು. ಹಾಯ್ಗುಳಿ ಊರಿನ ದೈವ. ನ್ಯಾಯ ಸಿಗದವರು ಅದರ ಎದುರು ತೆಂಗಿನಕಾಯಿ ಇಟ್ಟು ಹೇಳಿಕೊಳ್ಳುವ ದೂರೇ ಹುಯ್ಲು. ಅದಕ್ಕೆ ನಿಯಮವಿದೆ: ತಪ್ಪು ಮಾಡಿದವರ ಹೆಸರನ್ನು ಸರಿಯಾಗಿ ಹೇಳಬೇಕು. ತಪ್ಪು ಹೆಸರು ಹೇಳಿದರೆ ಹುಯ್ಲು ತಿರುಗಿ ಹೇಳಿದವರಿಗೇ ತಟ್ಟುತ್ತದೆ. ಹೀಗಾಗಿ ಊರಿನ ಜನ ಹುಯ್ಲಿಗೆ ಹೋಗುವ ಮೊದಲು ಮಾಡುವ ತನಿಖೆ ಬಹಳ ಕಟ್ಟುನಿಟ್ಟಿನದು.

ಐತಾಳರು: (ಕುರ್ಚಿಯಿಂದ ಅರ್ಧ ಎದ್ದು) ಯಾರ್ ಮೇಲೆ? ಮೆಷಿನ್ ಮೇಲಾ?

ಬಾಗಿ: ಮೆಷಿನ್ ಮೇಲೆ ಹೇಳಿ ಎಂತ ಪ್ರಯೋಜ್ನ? ಅದಕ್ಕೆ ಹೊಟ್ಟಿ ನೋವ್ ಬತ್ತಾ, ಜ್ವರ ಬತ್ತಾ? ಮನ್ಶರ ಹೆಸ್ರ್ ಬೇಕ್.

ಐತಾಳರು: ನಂಗ್ ಇಂಥದ್ರಗೆಲ್ಲ ನಂಬಿಕಿ ಇಲ್ಲೆ. ಆದ್ರೂ ಕೇಂತೆ. ನನ್ ಹೆಸ್ರ್ ಹೇಳುದಿಲ್ಲೆ ಅಲ್ದಾ?

ಬಾಗಿ: ಅದನ್ನೇ ನಾ ಕೇಂಬುದ್. ತಪ್ಪ್ ನಿಮ್ದಾ?

ಐತಾಳರು: ಅಲ್ವೇ ಅಲ್ಲ!

ಬಾಗಿ: ಹಾಂಗಾರೆ ಯಾರ್ದ್?

ಐತಾಳರು: ನಂಗೆಂತ ಗೊತ್ತಿತ್ತ್?

ಬಾಗಿ: ಗೊತ್ತಿಲ್ಲೆ ಅಂದ್ರೆ ಆತಿಲ್ಲೆ. ಮೆಷಿನ್ ನಿಮ್ ಮೇಜಿನ ಮೇಲಿತ್ತ್. ಅಕ್ಕಿ ಚೀಲ ನಿಮ್ ಬೆನ್ನ್ ಹಿಂದಿತ್ತ್. ನಂಗ್ ಕಾಂಬ ಹೆಸ್ರ್ ನಿಮ್ದೊಂದೇ.

ಚಂದಯ್ಯ: ಬಾಗಿ, ಅಂದಾಜಿಗೆ ಹೇಳುಕ್ ಹೋಗ್ಬೇಡ. ನನ್ ತಮ್ಮ ಹಾಂಗೇ ಮಾಡ್ದ. ಬಲಿ ಕದ್ದದ್ದ್ ಒಬ್ಬ, ಇಂವ ಹೇಳದ್ದ್ ಇನ್ನೊಬ್ಬನ ಹೆಸ್ರ್. ಕಡೆಗೆ ಇವ್ನಿಗೇ ಬಿಕ್ಕಳ್ಕಿ ಹಿಡ್ದ್, ಹೆಣ್ಣ್ ಕಾಂಬ ಶಾಸ್ತ್ರದಗೂ ನಿಲ್ಲಲಿಲ್ಲೆ. ಹೆಣ್ಣ್ ಬ್ಯಾಡ ಅಂತ್.

ಬಾಗಿ: ಕೇಣಿ ಐತಾಳ್ರೆ. ಸರಿ ಹೆಸ್ರ್ ಹುಡ್ಕಿ ಕೊಡಿ. ಇಲ್ದಿರೆ ನಾ ಗೊತ್ತಿದ್ದ್ ಹೆಸ್ರ್ ಹೇಳಿ, ಬಿಕ್ಕಳ್ಕಿ ಬಂದ್ರೆ ಬರ್ಲಿ ಅಂತೆ.

ಐತಾಳರು ಯಂತ್ರವನ್ನು ಎತ್ತಿ ಬೋರಲು ಹಾಕಿದರು. ಮೂರು ತಿಂಗಳಿಂದ ಅವರ ಮೇಜಿನ ಮೇಲಿದ್ದರೂ ಅದರ ಹೊಟ್ಟೆಯನ್ನು ಅವರು ನೋಡಿದ್ದು ಅಂದೇ ಮೊದಲು. ಅಲ್ಲೊಂದು ಸಹಾಯವಾಣಿಯ ನಂಬರ್ ಅಂಟಿಸಿತ್ತು. ಒತ್ತಿದರು. ಸಾಲಿನಲ್ಲಿದ್ದವರೆಲ್ಲ ಮುಂದೆ ಬಾಗಿದ್ದರಿಂದ ಸ್ಪೀಕರ್ ಹಾಕಬೇಕಾಯಿತು.

ಫೋನು: ನಮಸ್ಕಾರ. ಸಹಾಯವಾಣಿಗೆ ಸ್ವಾಗತ. ನನ್ನ ಹೆಸರು ನವ್ಯಶ್ರೀ. ನಿಮಗೆ ಯಾವ ರೀತಿ ಸಹಾಯ ಮಾಡಬಹುದು?

ಬಾಗಿ: ಕಾಣಿ! ಹೆಸ್ರ್ ಸಿಕ್ತ್! ಕೇಳುಕ್ ಮುಂಚೆ ತಾನಾಗೇ ಹೇಳ್ತ್!

ಐತಾಳರು: ಸ್ವಲ್ಪ ತಡಿ ಬಾಗಕ್ಕ. ಮೇಡಂ, ಇಲ್ಲಿ ಒಬ್ಬರಿಗೆ ಬೆರಳು ಹೊಂದಿಕೆ ಆಗುತ್ತಿಲ್ಲ.

ನವ್ಯಶ್ರೀ: ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ಫಲಾನುಭವಿಗೆ ಕೈ ತೊಳೆದು ಬರಲು ತಿಳಿಸಿ.

ಬಾಗಿ: ಹೆಣೆ, ತೊಳ್ದ್ ತೊಳ್ದ್ ಸೊಸೈಟಿ ಬಾವಿಯೇ ತಳ ಕಾಂತಾ ಇತ್ತ್. ನವ್ಯಶ್ರೀ ಅಂದಲ್ದಾ ನಿನ್ ಹೆಸ್ರ್? ಹುಯ್ಲಿಗೆ ಬೇಕಿತ್ತ್. ಅಪ್ಪನ ಹೆಸ್ರೂ ಹೇಳ್.

ನವ್ಯಶ್ರೀ: ಕ್ಷಮಿಸಿ, ಯಾವುದಕ್ಕೆ ಬೇಕಿತ್ತು?

ಬಾಗಿ: ಹಾಯ್ಗುಳಿಗೆ.

ಫೋನಿನಲ್ಲಿ ಅದೇ ಧ್ವನಿ, ಆದರೆ ಬೇರೆ ಕನ್ನಡ.

ನವ್ಯಶ್ರೀ: ಅಯ್ಯಯ್ಯೋ ಅಕ್ಕಾ! ನನ್ ಹೆಸ್ರ್ ಹೇಳ್ಬೇಡಿ ಮಾರಾಯ್ರೆ, ದಮ್ಮಯ್ಯ! ನಂದ್ ಊರ್ ಯಡ್ತರೆ, ಅಲ್ಲೂ ಹಾಯ್ಗುಳಿ ಇತ್ತ್!

ಬಾಗಿ: ಯಡ್ತರೆ ಹೆಣ್ಣಾ ನೀನ್! ಮತ್ತೆ ಅಷ್ಟೊತ್ತ್ ವಿಷಾದ ಗಿಷಾದ ಅಂದ್ಕಂಡ್ ಪುಸ್ತ್ಕ ಓದದ್ದ್ ಎಂತಕೆ?

ನವ್ಯಶ್ರೀ: ಹಾಂಗೇ ಹೇಳ್ಕ್ ಅಂತ ಬರ್ದ್ ಕೊಟ್ಟಿರ್ ಅಕ್ಕ. ನಾ ಬರೀ ಫೋನ್ ಎತ್ತುವಳ್. ಇಲ್ಲಿ ಹೆಸ್ರ್ ಹೇಳ್ಕಾದವ್ರ್ ನಾವ್ ಫೋನ್ ಎತ್ತುವರ್ ಮಾತ್ರ. ಮೇಲಿನವ್ರಿಗೆ ಹಾಂಗೆಲ್ಲ ಇಲ್ಲೆ.

ಬಾಗಿ: ಹೆದ್ರಬೇಡ ಮಗಳೆ. ತಪ್ಪ್ ನಿಂದಲ್ದಿರೆ ನಿನ್ ಹೆಸ್ರ್ ಹೇಳಿ ನಾ ಎಂತಕೆ ಬಿಕ್ಕಳ್ಕಿ ತರಿಸ್ಕಂಬ್ಲಿ? ಸಮ ಹೇಳ್. ಬೆರಳ್ ತೇಯ್ದ್ ಹೋದವ್ರಿಗೆ ಅಕ್ಕಿ ಸಿಕ್ಕು ದಾರಿಯೇ ಇಲ್ಯಾ?

ನವ್ಯಶ್ರೀ: (ಸಣ್ಣ ದನಿಯಲ್ಲಿ) ಇತ್ತ್ ಅಕ್ಕ. ಮೆಷಿನಗೇ "ವಿನಾಯಿತಿ" ಅಂತ ಒಂದ್ ಬಟನ್ ಇತ್ತ್. ನಿಮ್ಮಂಥವ್ರಿಗೆ ಅಂತಲೇ ಇಟ್ಟದ್ದ್. ಅಂಗ್ಡಿಯವ್ರ್ ತಮ್ ಬೆರಳ್ ಒತ್ತಿ, "ಇವ್ರ್ನ ನಂಗ್ ಗೊತ್ತಿತ್ತ್" ಅಂದ್ರಾಯ್ತ್. ಅಕ್ಕಿ ಕೊಡ್ಲಕ್ಕ್.

ಐತಾಳರು: ನನ್ ಮೆಷಿನಗೆ ಅಂಥಾ ಬಟನ್ ಇಲ್ಲೆ. ನಾ ಎಲ್ಲ ಒತ್ತಿ ಕಂಡಿದ್ದೆ.

ನವ್ಯಶ್ರೀ: ಇತ್ತ್ ಸರ್. ನಾವ್ ಇಲ್ಲಿಂದ ಮುಚ್ಚಿಟ್ಟದ್ದ್.

ಐತಾಳರು: ಎಂತಕೆ?

ನವ್ಯಶ್ರೀ: ಅದನ್ ಒತ್ತಿರೆ ಇಂತಿಷ್ಟ್ ಜನಕ್ಕೆ ಬೆರಳ್ ಬರ್ಲಿಲ್ಲೆ ಅಂತ ಲೆಕ್ಕ ಮೇಲೆ ಹೋತ್ತ್. ಲೆಕ್ಕ ಹೋದ್ರೆ ಮೆಷಿನ್ ಸರಿ ಇಲ್ಲೆ ಅಂತ ಆತ್ತ್. ಮೆಷಿನ್ ಸರಿ ಇಲ್ಲೆ ಅಂದ್ರೆ ಮಾಡ್ದವ್ರ್ ಯಾರ್ ಅಂತ ಕೇಂತ್ರ್. ಬಟನ್ ಮುಚ್ಚಿರೆ ಆ ತ್ರಾಸೇ ಇಲ್ಲೆ. ಬೆರಳ್ ಬರದವ್ರೆಲ್ಲ "ಬಂದಿಲ್ಲ" ಅಂತ ಆತ್ರ್.

ಬಾಗಿ: ಓಹೋ. ಮೆಷಿನ್ ಪಾಸಾಯ್ಕಂದ್ರೆ ನಾ ಗೈರ್ ಹಾಜರಿ ಆಯ್ಕ್!

ಚಂದಯ್ಯ: ಮೀನ್ ಬೀಳ್ಲಿಲ್ಲೆ ಅಂದ್ರೆ ಬಲಿ ತೂತಲ್ಲ, ಸಮುದ್ರದಗೆ ಮೀನೇ ಇಲ್ಲೆ ಅಂದ ಹಾಂಗೆ.

ಬಾಗಿ: ಯಾರ್ ಹೆಣೆ ಮುಚ್ಚದ್ದ್?

ನವ್ಯಶ್ರೀ: ಅದ್... ಶೈಲೇಶ್ ಸರ್. ನಮ್ ಮ್ಯಾನೇಜರ್.

ಬಾಗಿ: ಬರೀ ಶೈಲೇಶ್ ಅಂದ್ರೆ ಸಾಲ. ಕರಾವಳಿ ತುಂಬ ಶೈಲೇಶ್ ಇದ್ರ್. ನಮ್ ಅಳಿಯನೂ ಶೈಲೇಶ್. ತಪ್ಪಿ ಅವ್ನಿಗೆ ತಟ್ಟಿರೆ ಮಗಳ್ ನಂಗ್ ಹೊಡಿತ್. ಪೂರ್ತಿ ಹೆಸ್ರ್, ಅಪ್ಪನ ಹೆಸ್ರ್, ಹುಟ್ಟೂರ್, ನಕ್ಷತ್ರ. ಕೇಳ್ಕ ಬಾ.

ನವ್ಯಶ್ರೀ: ನಾ ಕೇಣ್ಕಾ?

ಬಾಗಿ: ನೀ ಕೇಣದಿರೆ ನಂಗ್ ಗೊತ್ತಿದ್ದ್ ಎರಡೇ ಹೆಸ್ರ್. ಒಂದ್ ಐತಾಳ್ರದ್ದ್. ಇನ್ನೊಂದ್...

ನವ್ಯಶ್ರೀ: ಕೇಂತೆ, ಕೇಂತೆ! ದಯವಿಟ್ಟು ಲೈನಿನಲ್ಲಿರಿ.

ಫೋನಿನಲ್ಲಿ ಪೀಪಿಯಂಥ ಸಂಗೀತ ಶುರುವಾಯಿತು. ಚಂದಯ್ಯ ಅದಕ್ಕೆ ತಲೆ ಆಡಿಸುತ್ತ ನಿಂತ. ಐತಾಳರು ಅಂಗವಸ್ತ್ರದಿಂದ ಮುಖ ಒರಸಿಕೊಂಡರು.

ಐತಾಳರು: ಬಾಗಕ್ಕ, ಆ ಮನ್ಶ ಎಲ್ಲಿಯವನೋ ಎಂತದೋ. ಅವ್ನಿಗೆ ನಮ್ ಹಾಯ್ಗುಳಿ ಗೊತ್ತಿರ್ತಾ?

ಬಾಗಿ: ಅವ್ನಿಗೆ ಗೊತ್ತಿಲ್ದಿರೆ ಎಂತಾಯ್ತ್? ನನ್ನ ಗೊತ್ತಿಲ್ದೇ ಅಂವ ನನ್ ಅಕ್ಕಿ ನಿಲ್ಸಿದ್ದ.

ಸಂಗೀತ ನಿಂತಿತು.

ನವ್ಯಶ್ರೀ: ಅಕ್ಕಾ, ಬಟನ್ ತೆರ್ದಾಯ್ತ್!

ಐತಾಳರು: ಅರೆ! ಅಷ್ಟ್ ಬೇಗವಾ? ಎಂತ ಹೇಳ್ದೆ ನೀನ್?

ನವ್ಯಶ್ರೀ: ಎಂತದೂ ಹೇಳ್ಲಿಲ್ಲೆ ಸರ್. "ನಿಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟೂರು, ನಕ್ಷತ್ರ ಬೇಕಂತೆ" ಅಂದೆ. ಯಾರಿಗೆ ಅಂದ್ರ್. "ಪಡಿತರ ಸಿಗದವರಿಗೆ" ಅಂದೆ. ಯಾಕೆ ಅಂದ್ರ್. "ಅದು ನನಗೆ ಬರೆದುಕೊಟ್ಟ ಹಾಳೆಯಲ್ಲಿಲ್ಲ ಸರ್" ಅಂದೆ. ಹೆಸ್ರ್ ಮಾತ್ರ ಹೇಳ್ಲಿಲ್ಲೆ. ಮತ್ತೆ ಎದ್ದ್ ಹೋಯಿ ತೆರ್ದೇ ಬಿಟ್ರ್.

ನಿಜವಾಗಿ ಪರದೆಯ ಮೂಲೆಯಲ್ಲಿ ಒಂದು ಹಸಿರು ಚೌಕ ಬಂದಿತ್ತು. ಅದನ್ನು ಒತ್ತಿದರೆ ಒಂದು ವಾಕ್ಯ: ವಿನಾಯಿತಿ ನೀಡುವವರ ಹೆಸರು ದಾಖಲಾಗುತ್ತದೆ. ಐತಾಳರ ಕೈ ಅಲ್ಲಿಯೇ ನಿಂತಿತು.

ಐತಾಳರು: ಹೆಸ್ರ್ ದಾಖಲಾತ್ತಂಬ್ರ್. ನಾಳೆ ಯಾರಾದ್ರೂ ಬಂದ್ ಕೇಳ್ರೆ?

ಬಾಗಿ: ಗೊತ್ತಿದ್ದ್ ಹೆಂಗ್ಸಿಗೆ ಅಕ್ಕಿ ಕೊಟ್ಟೆ ಅನ್ನಿ. ಒಂದೋ ನಿಮ್ ಹೆಸ್ರ್ ಮೆಷಿನಗೆ, ಇಲ್ದಿರೆ ಹಾಯ್ಗುಳಿ ಎದ್ರಿಗೆ. ಎಲ್ಲಿ ಬೇಕ್ ಹೇಳಿ, ನಂಗೇನ್ ಬೇಜಾರಿಲ್ಲೆ.

ಐತಾಳರು: ಮೆಷಿನೇ ಸಾಕ್.

ಅವರು ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರ: ಬೆರಳು ಹೊಂದಿಕೆಯಾಗಿಲ್ಲ.

ಬಾಗಿ: ಐತಾಳ್ರೆ, ಇದ್ ಎಂತ?

ಐತಾಳರು: ಒಂದೊಂದ್ ಸಲ ಹಾಂಗಾತ್ತ್. (ಪಂಚೆಗೆ ಒರಸಿ ಮತ್ತೆ ಒತ್ತಿದರು. ಮತ್ತೆ ಕೆಂಪು.)

ಬಾಗಿ: ಕೈ ತೊಳ್ಕಂಡ್ ಬನ್ನಿ.

ಚಂದಯ್ಯ: ಕೋಪ ಮಾಡ್ಕಂಬೇಡಿ, ಬೆರಳ್ ನಡುಗತ್ತ್.

ನವ್ಯಶ್ರೀ: ಸರ್, ಇಲ್ಲಿ ಕಂಡ್ರೆ ನಿಮ್ ಅಂಗ್ಡಿ ಮೆಷಿನ್ ದಿನಾ ಬೆಳಿಗ್ಗೆ ತೆರಿತಾ ಇಪ್ಪುದ್ ನಿಮ್ ಬೆರಳಲ್ಲಿ ಅಲ್ಲ. ವೇದಾವತಿ ಅಂತ ಇತ್ತ್. ಅವ್ರ್ ಯಾರ್?

ಐತಾಳರು ಅಕ್ಕಿ ಚೀಲದ ಕಡೆ ನೋಡಿದರು. ಚೀಲ ಏನೂ ಸಹಾಯ ಮಾಡಲಿಲ್ಲ.

ಬಾಗಿ: ಇವ್ರ್ ಹೆಂಡ್ತಿ! ಹಾಂಗಾರೆ ನಿಮ್ ಬೆರಳೂ ಬತ್ತಿಲ್ಯಾ?

ಐತಾಳರು: ಎಂತ ಮಾಡುದ್ ಬಾಗಕ್ಕ? ಸಣ್ಣ ಪ್ರಾಯದಿಂದ ದಿನಾ ಬೆಳಿಗ್ಗೆ ದೇವಸ್ಥಾನದಗೆ ಗಂಧ ತೇವುದ್ ನಾನೇ. ಕಲ್ಲಿನ ಮೇಲೆ ಕೊರಡ್ ತೇಯ್ದದ್ದ್ ಎಷ್ಟೋ, ಬೆರಳ್ ತೇಯ್ದದ್ದೂ ಅಷ್ಟೇ. ಮೆಷಿನ್ ಬಂದ ದಿನವೇ ಗೊತ್ತಾಯ್ತ್. ಹೇಳ್ರೆ ಮರ್ಯಾದಿ ಹೋತ್ತಂತ ಅವಳ್ ಬೆರಳ್ ಕೊಡ್ಸಿ ನಡ್ಸ್ಕಂಡ್ ಬಂದೆ.

ಬಾಗಿ: ಮತ್ತೆ ನಂಗೆ ಮೂರ್ ತಿಂಗ್ಳಿಂದ ಕೈ ತೊಳಿ, ಕೈ ತೊಳಿ ಅಂದದ್ದ್?

ಐತಾಳರು: ನಿಂಗಾದ್ರೂ ಆತ್ತಾ ಕಾಂಬ ಅಂತ. ನಿಂಗೆ ಆದ್ರೆ ನಾನೂ ಹಾಂಗೇ ತೊಳಿಲಕ್ಕಲೆ.

ಬಾಗಿ ಬೈಯಬೇಕೆಂದು ಬಾಯಿ ತೆರೆದರೂ ನಗು ಮೊದಲು ಬಂತು. ಬುಟ್ಟಿ ಹಿಡಿದುಕೊಂಡು ನಕ್ಕಳು. ಸೊಸೈಟಿಯ ಹಿಂದಿನ ಮನೆಗೆ ಚಂದಯ್ಯ ಒಂದು ಕೂಗು ಹಾಕಿದ. ವೇದಾವತಿ ಸೆರಗಿಗೆ ಕೈ ಒರಸುತ್ತ ಬಂದರು. ಸಂಗತಿ ಕೇಳಿದರು.

ವೇದಾವತಿ: ಇಷ್ಟೇಯಾ? ಎಲ್ಲಿ ಒತ್ಕ್?

ನವ್ಯಶ್ರೀ: ಅಮ್ಮ, ನಿಮ್ ಹೆಸ್ರ್ ದಾಖಲಾತ್ತ್.

ವೇದಾವತಿ: ಆಯ್ಲಿ ಮಗಳೆ. ಲಗ್ನಪತ್ರಿಕೆಯಗೇ ದಾಖಲಾಯ್ ಕೂಕಂಡಿತ್ತ್. ಅದಕ್ಕಿಂತ ದೊಡ್ಡ್ ತ್ರಾಸ್ ಇದ್ರಗೆ ಎಂತ ಬಪ್ಪುಕಿತ್ತ್?

ಒತ್ತಿದರು. ಹಸಿರು. ಯಂತ್ರ ಚೀಟಿಯೊಂದನ್ನು ಹೊರಗೆ ಚಾಚಿತು. ಅಕ್ಕಿ ಬಾಗಿಯ ಚೀಲಕ್ಕೆ ಸುರಿಯುವ ಸದ್ದಿಗೆ ಸಾಲಿನವರು ಒಂದು ಹೆಜ್ಜೆ ಮುಂದೆ ಬಂದರು.

ಬಾಗಿ: ಚೀಟಿಯಗೆ ಎಂತ ಇತ್ತ್ ಓದಿ.

ಐತಾಳರು: "ಬಾಗಿ. ಫಲಾನುಭವಿ ಬಂದಿದ್ದಾರೆ."

ಬಾಗಿ: ಇನ್ನೊಂದ್ ಸಲ ಓದಿ.

ಐತಾಳರು: "ಬಂದಿದ್ದಾರೆ."

ಬಾಗಿ: ಹಾಂ. ಬಂದಿದ್ದೆ.

ನವ್ಯಶ್ರೀ: ಅಕ್ಕಾ, ಒಂದ್ ವಿಷ್ಯ. ಬಟನ್ ಇವತ್ತ್ ಸಂಜಿ ತನಕ ಮಾತ್ರ ತೆರ್ದದ್ದ್. ನಾಳೆಗ್ ಮತ್ತೆ ಮುಚ್ತ್ರ್.

ಚಂದಯ್ಯ: ಹಾಂಗಾರೆ ಬಪ್ಪು ತಿಂಗ್ಳ್ ನಾ?

ನವ್ಯಶ್ರೀ: ಮುಚ್ಚುಕಾಗ್ದ್ ಅಂದ್ರೆ ಅಂಗ್ಡಿ ಕಡಿಂದ ಒಂದ್ ದೂರ್ ದಾಖಲಾಯ್ಕ್. ಬಟನ್ ಮುಚ್ಚಿದ್ದ್ರಿಂದ ಇಂಥವ್ರಿಗೆ ಅಕ್ಕಿ ಸಿಕ್ಕಲಿಲ್ಲೆ ಅಂತ. ಅದಕ್ಕೆ ಶೈಲೇಶ್ ಸರ್ ತಮ್ ಹೆಸ್ರ್ ಹಾಕಿಯೇ ಉತ್ರ ಕೊಡ್ಕ್, ತಪ್ಸ್ಕಂಬುಕಾತಿಲ್ಲೆ. ಇಷ್ಟ್ ದಿನ ಯಾವ್ ಅಂಗ್ಡಿಯವ್ರೂ ಕೊಡ್ಲಿಲ್ಲೆ. ಬರ್ಕಣ್ಲಾ? ದೂರುದಾರರ ಹೆಸರು?

ಎಲ್ಲರೂ ಐತಾಳರ ಕಡೆ ತಿರುಗಿದರು. ಚಂದಯ್ಯ ತನ್ನ ಹೆಬ್ಬೆರಳನ್ನು ಮೆಲ್ಲನೆ ಮುಷ್ಟಿಯೊಳಗೆ ಮಡಚಿಕೊಂಡ.

ಐತಾಳರು: (ಹೆಂಡತಿಯ ಕಡೆ ಕೈ ತೋರಿಸಿ) ವೇದಾವತಿ ಅಂತ ಬರ್ಕಣಿ.

ವೇದಾವತಿ: ಹ್ವಾಯ್! ಬೆರಳ್ ನಾನೇ ಕೊಟ್ಟದ್ದ್. ಹೆಸ್ರೂ ನಾನೇ ಕೊಟ್ರೆ ಈ ಅಂಗ್ಡಿಯಗೆ ನಿಮ್ದ್ ಅಂತ ಎಂತ ಉಳಿತ್ತ್? ಕುರ್ಚಿಯಾ?

ಚಂದಯ್ಯ: ಕುರ್ಚಿ ಸೊಸೈಟಿದ್.

ಐತಾಳರು ಕುರ್ಚಿಯಿಂದ ಎದ್ದು ನಿಂತರು. ಫೋನಿನ ಹತ್ತಿರ ಬಾಯಿ ತಂದು, ಗುಟ್ಟು ಹೇಳುವವರ ಹಾಗೆ "ಉದಯಶಂಕರ" ಅಂದರು.

ನವ್ಯಶ್ರೀ: ಕೇಂತಿಲ್ಲೆ ಸರ್.

ಬಾಗಿ: ಅಷ್ಟ್ ಸಣ್ಣಕ್ಕೆ ಕೂಗಿರೆ ಒಂದ್ ಬಂಗ್ಡಿ ಮೀನೂ ಖರ್ಚಾತಿಲ್ಲೆ ಐತಾಳ್ರೆ. ಹೊಟ್ಟಿಂದ ಕೂಗಿ. ಬ್ರಹ್ಮಾವರ ಪ್ಯಾಟಿಯಗೆ ನಾ ಕೂಗ್ತೆ ಅಲ್ದಾ, ಹಾಂಗೆ.

ಐತಾಳರು ಉಸಿರು ಎಳೆದುಕೊಂಡರು. ದೇವಸ್ಥಾನದಲ್ಲಿ ಮಂತ್ರ ಹೇಳಿ ಪಳಗಿದ ಗಂಟಲು ಅದು. ಇಷ್ಟು ದಿನ ಸೊಸೈಟಿಗೆ ಗೊತ್ತಿರಲಿಲ್ಲ.

ಐತಾಳರು: ಉ-ದ-ಯ-ಶಂ-ಕ-ರ ಐ-ತಾ-ಳ!

ಹಂಚಿನ ಮಾಡಿನ ಮೇಲಿದ್ದ ಕಾಗೆಗಳು ಹಾರಿದವು. ರಸ್ತೆಯಾಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, ಏನಾಯಿತು ಎಂದು ಇತ್ತ ನೋಡಿದ. ಆಚೆ ಓಣಿಯಿಂದ ಯಾರೋ "ಓ ಐತಾಳ್ರೆ, ಎಂತಾಯ್ತ್?" ಎಂದು ಕೂಗಿದರು. ಇನ್ನೊಂದು ಮನೆಯ ಬಾಗಿಲು ತೆರೆಯಿತು.

ನವ್ಯಶ್ರೀ: ಬರ್ಕಂಡೆ ಸರ್.

ಬಾಗಿ ಅಕ್ಕಿ ಚೀಲವನ್ನು ಬುಟ್ಟಿಯೊಳಗಿಟ್ಟು ತಲೆಗೆ ಏರಿಸಿಕೊಂಡಳು. ಮೆಟ್ಟಿಲಿಳಿದು, ಓಣಿಯಿಂದ ಓಡೋಡಿ ಬರುತ್ತಿದ್ದವರನ್ನು ಒಮ್ಮೆ ನೋಡಿ, ಐತಾಳರ ಕಡೆ ತಿರುಗಿದಳು.

ಬಾಗಿ: ಕಾಣಿ ಐತಾಳ್ರೆ, ಬೆರಳ್ ಒತ್ತದೇ ಇಡೀ ಊರಿಗ್ ನಿಮ್ ಗುರ್ತ್ ಸಿಕ್ತ್!